ನಕ್ಷೆಯ ಕಾವೇರಿಗೆ ಬಿದ್ದ ನಾಣ್ಯಗಳು

ಕಬ್ಬಿಣದ ಗೇಟಾಗಲಿ ಬಸ್ಸಿನ ಕಂಬಿಯಾಗಲಿ, ಹಿಡಿಯುವ ಮೊದಲು ನಾನು ಬೆರಳುಗಳ ಹಿಂಬದಿಯನ್ನು ಒಮ್ಮೆ ತಾಗಿಸಿ ನೋಡುತ್ತೇನೆ. ಅಂಗೈಯಿಂದ ಹಿಡಿದರೆ ಕರೆಂಟು ಮುಷ್ಟಿಯನ್ನು ಬಿಗಿಯಾಗಿ ಮುಚ್ಚಿಸಿಬಿಡುತ್ತದೆ, ಹಿಂಬದಿ ತಾಗಿದರೆ ಕೈ ತಾನಾಗಿಯೇ ಹಿಂದಕ್ಕೆ ಹಾರುತ್ತದೆ ಎಂದು ಹೇಳಿಕೊಟ್ಟವರು ನಮ್ಮ ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್. ಅವರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದೆವು. ಆ ಪಾಠ ಕಲಿತಾಗ ಅದು ಬರೀ ಮಾತಾಗಿತ್ತು. ಹಲಸೂರಿನ ಸಭಾಂಗಣದಲ್ಲಿ ಆದದ್ದು ಆದಮೇಲೆ ಅದು ನನ್ನ ಕೈಗೆ ಅಂಟಿಕೊಂಡಿತು.

ಕೆ.ಆರ್. ಪುರದಲ್ಲಿ ತೂಗುಸೇತುವೆ ಇನ್ನೂ ಕಟ್ಟುತ್ತಿದ್ದ ಕಾಲ. ರೈಲ್ವೆ ಸ್ಟೇಷನ್ನಿನ ಹಿಂದಿದ್ದ ಶೆಡ್ಡಿನಲ್ಲಿ ನಮ್ಮ ಮಾಲೀಕರು ವಸ್ತುಪ್ರದರ್ಶನಗಳಿಗೆ ಬೇಕಾದ ಮಾದರಿಗಳನ್ನು ಮಾಡಿಸುತ್ತಿದ್ದರು. ಭೂಗೋಳದಲ್ಲಿ ಎಂ.ಎ. ಮಾಡಿದ್ದ ನಾನು ಅಲ್ಲಿ ನಕ್ಷೆಗಳ ಕೆಲಸ ನೋಡಿಕೊಳ್ಳುತ್ತಿದ್ದೆ. ಆ ವರ್ಷ ಅಕ್ಟೋಬರಿನಿಂದ ರಾಜ್ಯೋತ್ಸವದವರೆಗೆ ಹಲಸೂರಿನ ಸಭಾಂಗಣದಲ್ಲಿ ನಡೆಯುವ ಪ್ರದರ್ಶನಕ್ಕೆಂದು ಒಂದು ದೊಡ್ಡ ಕೆಲಸ ಬಂತು. ಇಡೀ ಕರ್ನಾಟಕದ ಉಬ್ಬು ನಕ್ಷೆ: ಬೆಟ್ಟ, ನದಿ, ಗಣಿ, ಕಾಡು, ಗಿರಿಜನರ ನೆಲೆಗಳು. ಸುತ್ತ ಗುಂಡಿಗಳು. ಗುಂಡಿ ಒತ್ತಿದರೆ ನಕ್ಷೆಯಲ್ಲಿ ಆಯಾ ಜಾಗದ ದೀಪ ಉರಿಯಬೇಕು. ಚಿನ್ನಕ್ಕೆ ಕೋಲಾರ ಮತ್ತು ಹಟ್ಟಿ, ಕಬ್ಬಿಣದ ಅದಿರಿಗೆ ಸಂಡೂರು ಮತ್ತು ಕುದುರೆಮುಖ, ಸಿದ್ದಿಯರಿಗೆ ಯಲ್ಲಾಪುರದ ಕಾಡು, ಕೊರಗರಿಗೆ ಕರಾವಳಿ, ಜೇನುಕುರುಬರಿಗೆ ಹೆಗ್ಗಡದೇವನಕೋಟೆ, ಸೋಲಿಗರಿಗೆ ಬಿಳಿಗಿರಿರಂಗನ ಬೆಟ್ಟ. ಪರೀಕ್ಷೆಗೆ ಓದುವವರ ಸಾಮಾನ್ಯ ಜ್ಞಾನದ ಗೈಡು ಇರುತ್ತದಲ್ಲ, ಅದನ್ನೇ ನೆಲದ ಮೇಲೆ ಹಾಸಿದಂತೆ.

ಒಂದು ಸೆಂಟಿಮೀಟರಿಗೆ ಒಂದು ಕಿಲೋಮೀಟರು ಎಂದು ಅಳತೆ ಇಟ್ಟುಕೊಂಡೆ. ಸರ್ವೇ ನಕ್ಷೆಗಳಿಂದ ಸಮಾನ ಎತ್ತರದ ರೇಖೆಗಳನ್ನು ಪ್ಲೈವುಡ್ಡಿಗೆ ಇಳಿಸಿ, ಕೊಯ್ದು, ಒಂದರ ಮೇಲೊಂದು ಕೂರಿಸಿದೆವು. ಮೊದಲ ತುಂಡು ಸಿದ್ಧವಾದಾಗ ಮಾಲೀಕರು ಬಂದು ಬಗ್ಗಿ ನೋಡಿದರು.

"ಇದೇನ್ರೀ ಮೇಡಂ, ಮುಳ್ಳಯ್ಯನಗಿರಿ ಅಂತೀರ, ಚಪಾತಿ ಉಂಡೆ ಥರ ಐತೆ!"

ತಪ್ಪು ಅವರದಲ್ಲ. ಆ ಅಳತೆಯಲ್ಲಿ ರಾಜ್ಯದ ಅತಿ ಎತ್ತರದ ಬೆಟ್ಟ ಎರಡು ಸೆಂಟಿಮೀಟರೂ ಬರುವುದಿಲ್ಲ. ಎತ್ತರವನ್ನು ಮಾತ್ರ ಹತ್ತು ಪಟ್ಟು ಹೆಚ್ಚಿಸಿದೆ. ಮುಳ್ಳಯ್ಯನಗಿರಿ ಸುಮಾರು ಒಂದು ಗೇಣಿನ ಎತ್ತರಕ್ಕೆ ಎದ್ದು ನಿಂತಿತು. ಹಲಗೆಯ ಮೆಟ್ಟಿಲುಗಳ ಮೇಲೆ ಕೋಳಿಬಲೆ, ಬಲೆಯ ಮೇಲೆ ಗೋಣಿಬಟ್ಟೆ, ಅದರ ಮೇಲೆ ಪ್ಲಾಸ್ಟರು. ಕೆಳಗೆ ಕಬ್ಬಿಣದ ಆಂಗಲ್ಲಿನ ಚೌಕಟ್ಟು. ಅದೇ ಚೌಕಟ್ಟಿಗೆ ಬೋಲ್ಟು ಹಾಕಿ, ಜನ ಒರಗಿ ನೋಡಲೆಂದು ಸುತ್ತ ಒಂದು ಕಂಬಿ.

ನದಿಗಳಿಗೆಲ್ಲ ನೀಲಿ ಬಣ್ಣ ಬಳಿಯುವುದೆಂದು ನಾನು ಬರೆದುಕೊಂಡಿದ್ದೆ. ಪ್ರದರ್ಶನದ ಉಸ್ತುವಾರಿ ಅಧಿಕಾರಿ ಒಂದು ದಿನ ಶೆಡ್ಡಿಗೆ ಬಂದವರು, "ಕಾವೇರಿ ಒಂದಾದ್ರೂ ಹರೀಬೇಕು ಕಣ್ರೀ. ಜನ ನೆನಪಿಟ್ಕೊಳ್ಳೋದು ಅದನ್ನೇ," ಎಂದರು. ಮಾಲೀಕರು ಒಪ್ಪಿಕೊಂಡುಬಿಟ್ಟರು. ತಲಕಾವೇರಿಯಲ್ಲಿ ಒಂದು ಸಣ್ಣ ಕೊಳವೆ. ಅಲ್ಲಿಂದ ನೀರು ಕೊಡಗು ಇಳಿದು, ಮೈಸೂರಿನ ಬಯಲು ದಾಟಿ, ಶಿವನಸಮುದ್ರದಲ್ಲಿ ಧುಮುಕಿ, ಗಡಿಯ ಅಂಚಿನಲ್ಲಿ ಕೆಳಗಿಟ್ಟ ಟಬ್ಬಿಗೆ ಬೀಳುತ್ತದೆ. ಟಬ್ಬಿನಲ್ಲಿ ಮುಳುಗಿಸಿಟ್ಟ ಕೂಲರ್ ಪಂಪು ಅದನ್ನು ಮತ್ತೆ ತಲಕಾವೇರಿಗೆ ಏರಿಸುತ್ತದೆ.

ಅದನ್ನು ನೋಡಿ ಭಾಯ್ ನಕ್ಕಿದ್ದೇ ನಕ್ಕಿದ್ದು. "ನೋಡಿ ಮೇಡಂ, ಗಡಿ ದಾಟಿದ್ ನೀರು ವಾಪಸ್ ಊರಿಗೇ ಬರ್ತೈತೆ. ಈ ಪಂಪು ನಿಜವಾಗ್ಲೂ ಇದ್ದಿದ್ರೆ ಎಷ್ಟ್ ಬಸ್ಸಿನ ಗಾಜು ಉಳೀತಿತ್ತು!" ಶಿವಾಜಿನಗರದಲ್ಲಿ ಹುಟ್ಟಿ ಬೆಳೆದ ಅವರಿಗೆ ಕಾವೇರಿ ಗಲಾಟೆಯ ದಿನಗಳು ಚೆನ್ನಾಗಿ ನೆನಪಿದ್ದವು.

ನಗುವೆಲ್ಲ ಮುಗಿದ ಮೇಲೆ ಗಂಭೀರವಾಗಿ ಒಂದು ಮಾತು ಹೇಳಿದರು. "ನೀರು ಇದ್ರೆ ಬಲ್ಬೆಲ್ಲ ಹನ್ನೆರಡು ವೋಲ್ಟೇ. ಬ್ಯಾಟರಿ ಕರೆಂಟಿನಷ್ಟು. ಮುಟ್ಟಿದ್ರೂ ಏನೂ ಆಗಲ್ಲ." ಹಾಗೆಯೇ ಮಾಡಿಯೂ ಕೊಟ್ಟರು.

ಆರು ತುಂಡುಗಳನ್ನು ಲಾರಿಯಲ್ಲಿ ಸಾಗಿಸಿ ಸಭಾಂಗಣದಲ್ಲಿ ಜೋಡಿಸಿದೆವು. ಸಂದುಗಳಿಗೆ ಪುಟ್ಟಿ ತುಂಬಿ ನೀರು ಬಿಟ್ಟೆವು, ಸೋರಲಿಲ್ಲ. ಆದರೆ ದೊಡ್ಡ ಕಿಟಕಿಗಳ ಬೆಳಕಿನಲ್ಲಿ ಪುಟ್ಟ ಬಲ್ಬುಗಳು ಕಾಣಿಸಲೇ ಇಲ್ಲ. ಅಧಿಕಾರಿ ಗುಂಡಿ ಒತ್ತಿ, ಒತ್ತಿ, "ಉರೀತಾ ಇದ್ಯಾ?" ಎಂದು ನಮ್ಮನ್ನೇ ಕೇಳಿದರು. ಮಾಲೀಕರು ಆ ರಾತ್ರಿಯೇ ಬಲ್ಬುಗಳನ್ನು ತೆಗೆಸಿ, ಮನೆಯಲ್ಲಿ ಮಲಗುವಾಗ ಹಾಕುತ್ತೇವಲ್ಲ, ಆ ಜೀರೋ ಕ್ಯಾಂಡಲ್ ಬಲ್ಬುಗಳನ್ನು ಹಾಕಿಸಿದರು. ಅವು ನೇರ ಮನೆ ಕರೆಂಟಿನಲ್ಲಿ ಉರಿಯುವಂಥವು. ಭಾಯ್ ಬೇಡವೆಂದರು. ಬೇರೆ ಇಬ್ಬರನ್ನು ಕರೆದು ಮಾಡಿಸುತ್ತೇನೆಂದು ಮಾಲೀಕರು ಅಂದಾಗ, ಅವರು ಮಾಡುವುದಕ್ಕಿಂತ ತಾನೇ ಮಾಡುವುದು ವಾಸಿ ಎಂದು ಕುಳಿತು ವೈರು ಎಳೆದರು. ಮರುದಿನ ಬೆಳಿಗ್ಗೆ ನೋಡಿದರೆ, ಇನ್ನೂ ಚೆನ್ನಾಗಿ ಕಾಣಲೆಂದು ಅಧಿಕಾರಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿಸಿದ್ದರು.

"ಈ ಬಟ್ಟೆ ನಿನ್ನೇನೇ ಕಟ್ಟಿದ್ರೆ ಹಳೇ ಬಲ್ಬೇ ಸಾಕಾಗ್ತಿತ್ತಲ್ಲ ಸಾರ್," ಎಂದರು ಭಾಯ್.

"ಈಗ ಬಿಚ್ಚೋಕೆ ಟೈಮೆಲ್ಲೈತೆ ಗುರು, ನಡಿ ನಡಿ," ಎಂದರು ಮಾಲೀಕರು.

ಸಭಾಂಗಣದ ಪ್ಲಗ್ಗಿನಲ್ಲಿ ಅರ್ತಿಂಗು ಹೆಸರಿಗೆ ಮಾತ್ರ ಇತ್ತು. ಕರೆಂಟು ಸೋರಿದರೆ ತಾನಾಗಿ ಆರಿಸಿಬಿಡುವ ಟ್ರಿಪ್ ಸ್ವಿಚ್ಚಾದರೂ ಕೊಡಿಸಿ ಎಂದು ಭಾಯ್ ಅಂದಿನಿಂದ ಕೇಳುತ್ತಲೇ ಇದ್ದರು. ನಾನೂ ಕೇಳಿದೆ. ನಾಳೆ ನಾಡಿದ್ದು ಎಂದು ಮಾತು ಮುಂದಕ್ಕೆ ಹೋಗುತ್ತಿತ್ತು.

ಗಿರಿಜನರ ವಿಭಾಗವನ್ನು ವಿವರಿಸಲು ಒಬ್ಬ ಹುಡುಗಿಯನ್ನು ನಾನೇ ಹುಡುಕಿದ್ದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮನೆಯವಳು. ಇಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು. ಮೊದಲ ದಿನ ಚೂಡಿದಾರ, ಕಪ್ಪು ಚಪ್ಪಲಿ, ಹೆಗಲಿಗೊಂದು ಚೀಲ ಹಾಕಿಕೊಂಡು ಬಂದಳು. ಗುಂಡಿಗಳ ಫಲಕವನ್ನು ಮೇಲಿಂದ ಕೆಳಗೆ ಓದಿದಳು. 'ರಾಜ್ಯದ ಸಂಪತ್ತು' ಎಂಬ ತಲೆಬರಹದ ಕೆಳಗೆ ಕಪ್ಪು ಗ್ರಾನೈಟಿನ ಗುಂಡಿ, ಅದರ ಪಕ್ಕದಲ್ಲೇ ಸೋಲಿಗರದು.

"ಏನ್ ಮೇಡಂ, ನಮ್ಮನ್ನ ಕಲ್ಲಿನ ಪಕ್ಕ ಕೂರಿಸ್ಬುಟ್ಟಿದೀರಿ," ಎಂದು ನಕ್ಕಳು. "ಅಗೆಯೋಕೆ ಬಂದ್ರೆ ಹೇಳ್ಬುಡಿ, ಓಡ್ಹೋಯ್ತೀವಿ."

ತಲೆಬರಹ ನನ್ನದಲ್ಲ ಎಂದೆ. ಅವಳಿಗೆ ಅದು ಗೊತ್ತಿತ್ತು.

ಅಧಿಕಾರಿಗೆ ಅವಳ ಉಡುಪು ಹಿಡಿಸಲಿಲ್ಲ. ಸೀರೆಯೊಂದನ್ನು ಮೇಲೆತ್ತಿ ಉಡಲು ಹೇಳಿ, ಕೊರಳಿಗೆ ಮಣಿಸರ ಹಾಕಿಸಿದರು. ಎಲ್ಲಾ ಆದಮೇಲೆ ಕಾಲು ನೋಡಿದರು. "ಚಪ್ಪಲಿ ಬೇಡಮ್ಮ. ಚಪ್ಪಲಿ ಹಾಕ್ಕೊಂಡ್ರೆ ಗಿರಿಜನರು ಅನ್ನಿಸಲ್ಲ."

"ಸಾರ್, ನಮ್ ಕಾಡಲ್ಲಿ ಚಪ್ಪಲಿ ಇಲ್ದೆ ಯಾರೂ ಓಡಾಡಲ್ಲ. ಮುಳ್ಳು."

"ಇಲ್ಲಿ ಮುಳ್ಳಿಲ್ವಲ್ಲ," ಎಂದು ಅವರು ಹೊರಟುಹೋದರು. ಅವಳು ಚಪ್ಪಲಿ ಬಿಚ್ಚಿ ಮೇಜಿನ ಕೆಳಗೆ ತಳ್ಳಿದಳು. ಪ್ರತಿದಿನ ಬಂದ ಕೂಡಲೇ ಹಾಗೆ ಬಿಚ್ಚುವುದು, ಸಂಜೆ ಹೋಗುವಾಗ ಮೆಟ್ಟಿಕೊಳ್ಳುವುದು.

ಬಿದಿರುಕೋಲಿನಿಂದ ಜಾಗ ತೋರಿಸುತ್ತಾ ವಿವರಿಸುವ ಕೆಲಸದಲ್ಲಿ ಅವಳು ಚುರುಕು. ಶಾಲೆಯ ಮಕ್ಕಳು ಗದ್ದಲ ಮಾಡಿದರೆ ಗದರುತ್ತಿರಲಿಲ್ಲ, ಒಂದು ಪ್ರಶ್ನೆ ಎಸೆಯುತ್ತಿದ್ದಳು. "ಗೊತ್ತಿರೋರು ಎರಡೂ ಕೈ ಎತ್ತಿ! ಒಂದ್ ಕೈ ಎತ್ತಿದ್ರೆ ಅರ್ಧ ಗೊತ್ತು ಅಂತ!" ಮಕ್ಕಳು ಎರಡೂ ಕೈ ಎತ್ತಿ ಕುಣಿಯುತ್ತಿದ್ದರು.

ನಾವ್ಯಾರೂ ಎಣಿಸದೆ ಇದ್ದ ಒಂದು ಸಂಗತಿ ಪ್ರದರ್ಶನ ಶುರುವಾದ ದಿನವೇ ಕಾಣಿಸಿಕೊಂಡಿತು. ಹೆಂಗಸೊಬ್ಬರು ಹರಿಯುವ ಕಾವೇರಿಯನ್ನು ನೋಡಿ, ಕಣ್ಣಿಗೊತ್ತಿಕೊಂಡು, ಪರ್ಸಿನಿಂದ ಒಂದು ನಾಣ್ಯ ತೆಗೆದು ಹಾಕಿದರು. ರೈಲು ಹೊಳೆ ದಾಟುವಾಗ ಕಿಟಕಿಯಿಂದ ಎಲ್ಲರೂ ಎಸೆಯುವುದಿಲ್ಲವೇ, ಹಾಗೆಯೇ. ಅವರ ಹಿಂದಿದ್ದವರೂ ಹಾಕಿದರು. ಮಹದೇವಪುರ, ಕೆ.ಆರ್. ಪುರದ ಕಡೆಯ ಹಳೆಯ ಮನೆತನದವರು ಹೂವು, ಅರಿಶಿನ ಕುಂಕುಮವನ್ನೂ ತಂದರು. ನಮ್ಮ ಮಾಲೀಕರೇ ತಲಕಾವೇರಿಯ ಬಳಿ ಒಂದು ಸಣ್ಣ ದೀಪ ಹಚ್ಚಿಟ್ಟರು. ಮಕ್ಕಳಿಗಂತೂ ಅದು ಆಟವೇ ಆಯಿತು. ನೀರು ಧುಮುಕುವುದು ಕಾಣಲೆಂದು ಶಿವನಸಮುದ್ರದಲ್ಲಿ ಕಾಲುವೆಯನ್ನು ನಾವು ಬೇಕೆಂದೇ ಕಿರಿದು ಮಾಡಿದ್ದೆವು. ಎಲ್ಲರ ಗುರಿ ಅಲ್ಲಿಗೇ. ಪ್ರತಿ ಸಂಜೆ ಭಾಯ್ ಇಕ್ಕಳದಿಂದ ನಾಣ್ಯಗಳನ್ನು ಕಿತ್ತು ಪಕ್ಕದ ಹುಂಡಿಗೆ ಹಾಕುತ್ತಿದ್ದರು. 'ನಾಣ್ಯ ಹಾಕಬೇಡಿ' ಎಂದು ನಾನು ಬರೆದಿಟ್ಟ ಹಲಗೆಯ ಮೇಲೂ ಯಾರೋ ಒಂದು ನಾಣ್ಯ ಇಟ್ಟು ಹೋಗಿದ್ದರು.

ಆ ದಿನ ತುಲಾ ಸಂಕ್ರಮಣ. ತಲಕಾವೇರಿಯಲ್ಲಿ ತೀರ್ಥ ಉಕ್ಕುವ ದಿನ. ಅಷ್ಟು ದೂರ ಹೋಗಲಾಗದವರು ನಮ್ಮ ನಕ್ಷೆಯ ಹತ್ತಿರ ಬರಬಹುದೆಂದು ನನಗಾಗಲಿ ಭಾಯ್‌ಗಾಗಲಿ ಹೊಳೆಯಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಸಾಲು ನಿಂತಿತ್ತು. ಎಲ್ಲರೂ ನಾಣ್ಯ ಹಾಕುವವರೇ. ಅದೇ ಬೆಳಿಗ್ಗೆ ಮಾಲೀಕರು ಕೊನೆಗೂ ಟ್ರಿಪ್ ಸ್ವಿಚ್ಚಿಗೆ ಹೂಂ ಎಂದಿದ್ದರು, ಅದನ್ನು ತರಲು ಭಾಯ್ ಶಿವಾಜಿನಗರಕ್ಕೆ ಹೋಗಿದ್ದರು.

ಮಧ್ಯಾಹ್ನದ ಹೊತ್ತಿಗೆ ಒಂದು ಶಾಲೆಯ ಮಕ್ಕಳು ಬಂದರು. ಕಂಬಿಯ ಉದ್ದಕ್ಕೂ ಎರಡು ಸಾಲು, ಹಿಂದಿನವರು ಮುಂದಿನವರ ಹೆಗಲ ಮೇಲೆ ಒರಗಿಕೊಂಡು. ನಾನು ನಕ್ಷೆಯ ಬಡಗಣ ತುದಿಯಲ್ಲಿ, ರಾಯಚೂರಿನ ಕಡೆ ನಿಂತಿದ್ದೆ. ಒಬ್ಬ ಹುಡುಗಿ ಪಕ್ಕದವಳಿಗೆ ಹೇಳಿದ್ದು ಕಿವಿಗೆ ಬಿತ್ತು: "ಏಯ್, ಕಂಬಿ ಜುಂ ಅಂತೈತೆ ಕಣೇ, ಹಿಡ್ಕೊಂಡ್ ನೋಡು." ಇಬ್ಬರೂ ಕಿಸಕ್ಕನೆ ನಕ್ಕರು.

ಆ ಮಾತು ನನ್ನ ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ನಕ್ಷೆಯ ತೆಂಕಣ ತುದಿಯಿಂದ ನಮ್ಮ ಹುಡುಗಿಯ ದನಿ ಕೇಳುತ್ತಿತ್ತು. ಜೇನಿನ ವಿಷಯ. "ನಮ್ಮೋರು ಮರ ಹತ್ತಿದ್ರೆ ಜೇನು ಪೂರ್ತಿ ಕೀಳಲ್ಲ. ಹುಳಕ್ಕೆ ಅಂತ ಒಂದ್ ಪಾಲು ಬುಟ್ಟು, ಆಮೇಲೆ..."

ದನಿ ನಿಂತಿತು. ಮಾತು ಮುಗಿಯಲಿಲ್ಲ.

ತಿರುಗಿ ನೋಡಿದೆ. ಎಡಗೈಯಲ್ಲಿ ಕಂಬಿ ಹಿಡಿದಿದ್ದಳು, ಬಲಗೈಯ ಬಿದಿರುಕೋಲು ನೆಲಕ್ಕೆ ಬಿದ್ದಿತ್ತು. ಕತ್ತಿನ ನರ ಎದ್ದಿತ್ತು. ಕಣ್ಣು ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಶಿವನಸಮುದ್ರದಲ್ಲಿ ನಾಣ್ಯಗಳು ಅಣೆಕಟ್ಟಿನಂತೆ ಕೂತಿದ್ದವು. ಕಾವೇರಿ ದಾರಿ ತಪ್ಪಿ ಕೊಳ್ಳೇಗಾಲ, ಯಳಂದೂರಿನ ಬಯಲಿಗೆ ನುಗ್ಗಿ, ಬಿಳಿಗಿರಿರಂಗನ ಬೆಟ್ಟದ ಬುಡದ ಪ್ಲಾಸ್ಟರನ್ನು ನೆನೆಸಿ, ಬಲ್ಬಿನ ವೈರುಗಳ ಕರೆಂಟನ್ನು ಚೌಕಟ್ಟಿಗೂ ಕಂಬಿಗೂ ಇಳಿಸಿತ್ತು. ಚೌಕಟ್ಟಿನಿಂದ ತೊಟ್ಟಿಕ್ಕಿದ ನೀರು ನೆಲದ ಮೇಲೆ ಹರಡಿತ್ತು. ಆ ನೀರಿನಲ್ಲಿ ಅವಳ ಬರಿಗಾಲು.

ಮಕ್ಕಳ ಕಾಲಲ್ಲಿ ಬೂಟುಗಳಿದ್ದವು. ಅದಕ್ಕೇ ಅವರಿಗೆ ಬರೀ ಜುಂ. ಆದರೆ ನೀರು ಅವರ ಕಡೆಗೂ ಹರಿದು ಬರುತ್ತಿತ್ತು.

ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅಲ್ಲಿಗೆ ಬಂದು ನಿಲ್ಲುತ್ತೇನೆ. ಮೇನ್ ಬೋರ್ಡು ವೇದಿಕೆಯ ಪಕ್ಕ, ಜನರ ಆಚೆ. ನೂಕಿಕೊಂಡು ಹೋಗಬೇಕು. ಆರಿಸಿದರೆ, ಕಪ್ಪು ಬಟ್ಟೆ ಕಟ್ಟಿದ ಸಭಾಂಗಣ ಗವಿಯಾಗುತ್ತದೆ. "ಶಾಕ್" ಎಂದು ಕೂಗಿದರೆ ಹಿಂದಿನ ಸಾಲು ಗಾಬರಿಯಾಗಿ ಮುಂದಿನ ಸಾಲನ್ನು ಕಂಬಿಗೇ ಒತ್ತುತ್ತದೆ. ಅವಳನ್ನು ಎಳೆಯಲು ಮೊದಲು ಓಡಿದರೆ ಎಲ್ಲ ಮಕ್ಕಳೂ ನೋಡಲು ಕಂಬಿ ಹಿಡಿದು ಬಾಗುತ್ತಾರೆ. ಇಷ್ಟೆಲ್ಲ ಆಗ ಯೋಚಿಸಿದೆನೋ, ಆಮೇಲೆ ಜೋಡಿಸಿಕೊಂಡೆನೋ, ಖಚಿತವಾಗಿ ಹೇಳಲಾರೆ. ಬಾಯಿಂದ ಬಂದದ್ದು ಮಾತ್ರ ಅವಳದೇ ಮಾತು.

"ಕಾವೇರಿ ಹುಟ್ಟೋದೆಲ್ಲಿ? ಗೊತ್ತಿರೋರು ಎರಡೂ ಕೈ ಎತ್ತಿ!"

ಎಲ್ಲರಿಗೂ ಗೊತ್ತಿತ್ತು. ಒಂದೇ ಏಟಿಗೆ ಕೈಗಳೆಲ್ಲ ಮೇಲೆದ್ದವು.

"ಹಾಗೇ ಎರಡು ಹೆಜ್ಜೆ ಹಿಂದೆ! ಕೈ ಇಳಿಸಬಾರದು! ಮಿಸ್, ಹಿಂದಕ್ಕೆ ಕರ್ಕೊಳ್ಳಿ!"

ಟೀಚರು ನನ್ನ ಮುಖ ನೋಡಿ ಏನೋ ಆಗಿದೆ ಎಂದು ಅರ್ಥಮಾಡಿಕೊಂಡರು. ಕಂಬಿಗೂ ಮಕ್ಕಳಿಗೂ ನಡುವೆ ಜಾಗ ತೆರೆದುಕೊಂಡಿತು, ಆ ಜಾಗದಲ್ಲೇ ಓಡಿದೆ. ಮೈ ಮುಟ್ಟಬಾರದು ಎಂದು ಭಾಯ್ ಸಾವಿರ ಸಲ ಹೇಳಿದ್ದರು. ನನ್ನ ಹತ್ತಿಯ ದುಪ್ಪಟ್ಟಾ ಒಣಗಿತ್ತು. ನೀರಿನ ಅಂಚಿನಲ್ಲೇ ನಿಂತು, ಅದನ್ನು ಅವಳ ಮುಂಗೈಗೆ ಕುಣಿಕೆಯಂತೆ ಹಾಕಿ ಎರಡೂ ತುದಿ ಹಿಡಿದು ಎಳೆದೆ. ಬೆರಳು ಬಿಡಲಿಲ್ಲ. ಇನ್ನೊಮ್ಮೆ ಪೂರ್ತಿ ಮೈಭಾರ ಹಾಕಿ ಎಳೆದೆ. ಬಿಟ್ಟಿತು. ಇಬ್ಬರೂ ಹಿಂದಕ್ಕೆ ಬಿದ್ದೆವು.

ಹಿಂದಿನಿಂದ ಮಕ್ಕಳು ಕೈ ಎತ್ತಿಕೊಂಡೇ ಒಕ್ಕೊರಲಿನಿಂದ ಕೂಗುತ್ತಿದ್ದರು: "ತಲಕಾವೇರಿ! ತಲಕಾವೇರಿ!"

ಅವಳ ಬಿದಿರುಕೋಲು ಎತ್ತಿಕೊಂಡು ಮೇನ್ ಬೋರ್ಡಿನವರೆಗೆ ಜನರ ನಡುವೆ ನುಗ್ಗಿದೆ. ಅದೇ ಕೋಲಿನಿಂದ ಹಿಡಿಯನ್ನು ಕೆಳಗೆ ತಳ್ಳಿದೆ. ಕತ್ತಲಾಯಿತು. ಕಾಲ್ತುಳಿತವಾಗುತ್ತದೆಂದು ನಾನು ಹೆದರಿದ್ದರೆ, ಮಕ್ಕಳು ಮನೆಯಲ್ಲಿ ಕರೆಂಟು ಹೋದಾಗ ಕೂಗುವಂತೆ "ಓಓಓ" ಎಂದು ಖುಷಿಯಿಂದ ಕೂಗಿದರು. ಯಾರೋ ಬಾಗಿಲು ತೆಗೆದರು. ಬೆಳಕು ಬಂತು.

ಅವಳು ಉಸಿರಾಡುತ್ತಿದ್ದಳು. ಆಟೋದಲ್ಲಿ ಇಂದಿರಾನಗರದ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಅಂಗೈಯ ಚರ್ಮ ಸುಟ್ಟಿತ್ತು, ಎದೆಬಡಿತ ಏರುಪೇರಾಗಿತ್ತು. ಒಂದು ರಾತ್ರಿ ಯಂತ್ರಕ್ಕೆ ಹಾಕಿ ನೋಡಬೇಕು, ಆಮೇಲೇ ಏನಾದರೂ ಹೇಳುವುದು ಎಂದರು ಡಾಕ್ಟರು. ಅವಳ ಹಾಸ್ಟೆಲಿನ ಗೆಳತಿ ಬಂದು ಪಕ್ಕದಲ್ಲಿ ಕೂತ ಮೇಲೆ ನಾನು ಸಭಾಂಗಣಕ್ಕೆ ವಾಪಸಾದೆ.

ಮೆಟ್ಟಿಲ ಮೇಲೆ ಭಾಯ್ ಟ್ರಿಪ್ ಸ್ವಿಚ್ಚಿನ ಡಬ್ಬ ಹಿಡಿದು ಕೂತಿದ್ದರು. ಉಸಿರಾಡ್ತಿದ್ದಾಳೆ ಎಂದೆ. ಡಬ್ಬ ಕೆಳಗಿಟ್ಟು ಎರಡೂ ಕೈಗಳಿಂದ ಮುಖ ಒರೆಸಿಕೊಂಡರು.

ಒಳಗೆ ಅಧಿಕಾರಿ ನೆಲ ಒರೆಸಿಸುತ್ತಿದ್ದರು. "ಸಂಜೆಗೆ ದೊಡ್ಡೋರು ಬರ್ತಿದಾರೆ. ಆ ಸ್ವಿಚ್ಚು ಹಾಕಿ ಶುರು ಮಾಡ್ಬಿಡಿ. ನಾಣ್ಯಕ್ಕೆ ಒಬ್ಬನ್ನ ಕಾವಲು ನಿಲ್ಲಿಸ್ತೀನಿ."

"ನೀರು ಬಿಡಲ್ಲ ಸಾರ್," ಎಂದೆ.

"ಬಿಡಲ್ಲ ಅನ್ನೋಕೆ ನೀವ್ಯಾರ್ರೀ?"

ಮಾಲೀಕರು ಗೋಡೆ ನೋಡುತ್ತಿದ್ದರು. ನಾನು ಒಂದು ಬಕೆಟ್ಟಿನಲ್ಲಿ ಪ್ಲಾಸ್ಟರು ಕಲಸಿದೆ. ಪ್ಲಾಸ್ಟರು ಕಲಸಿದ ಮೇಲೆ ಯಾರಿಗೂ ಕಾಯುವುದಿಲ್ಲ, ಕೈಯಲ್ಲೇ ಗಟ್ಟಿಯಾಗಿಬಿಡುತ್ತದೆ. ಭಾಯ್ ಪಂಪಿನ ವೈರು ಕತ್ತರಿಸಿ ಜೇಬಿಗೆ ಹಾಕಿಕೊಂಡು, ನಾಣ್ಯಗಳನ್ನು ಇಕ್ಕಳದಿಂದ ಎತ್ತುತ್ತಾ ನನ್ನ ಮುಂದೆ ಮುಂದೆ ಹೋದರು. ಹಿಂದೆಯೇ ನಾನು ತಲಕಾವೇರಿಯಿಂದ ಗಡಿಯವರೆಗೆ ಕಾಲುವೆಯನ್ನು ತುಂಬುತ್ತಾ ಬಂದೆ. ಅಧಿಕಾರಿ ಕೂಗಾಡಿದರು. ಅಷ್ಟರಲ್ಲಿ ಕುಶಾಲನಗರ ಗಟ್ಟಿಯಾಗಿತ್ತು. ಕೊನೆಗೆ ಮಾಲೀಕರೇ ಹೋಗಿ ನೀಲಿ ಬಣ್ಣದ ಡಬ್ಬ ತಂದು ನನ್ನ ಪಕ್ಕ ಇಟ್ಟರು. ಕಿಟಕಿಯ ಬಟ್ಟೆ ಹಾಗೇ ಇರಲಿ, ಹಳೆಯ ಬಲ್ಬು ಹಾಕಿಬಿಡು ಎಂದು ಭಾಯ್‌ಗೆ ಮೆಲ್ಲನೆ ಹೇಳಿದರು.

ಕೆಲಸ ಮುಗಿಸಿ ಏಳುವಾಗ ಮೇಜಿನ ಕೆಳಗೆ ಅವಳ ಚಪ್ಪಲಿ ಕಾಣಿಸಿತು. ಪೇಪರಿನಲ್ಲಿ ಸುತ್ತಿಕೊಂಡೆ.

ಎದೆಬಡಿತ ಸರಿಯಾಗಿದೆ, ಮನೆಗೆ ಹೋಗಬಹುದು ಎಂದು ಮರುದಿನ ಡಾಕ್ಟರು ಹೇಳಿದರು. ಎಡಗೈಗೆ ಪಟ್ಟಿ ಕಟ್ಟಿತ್ತು. ಕಿರುಬೆರಳು, ಉಂಗುರಬೆರಳುಗಳಲ್ಲಿ ಸ್ಪರ್ಶ ಇನ್ನೂ ಬಂದಿರಲಿಲ್ಲ. ಬರಬಹುದು, ಬರದೆಯೂ ಇರಬಹುದು ಎಂದಿದ್ದರಂತೆ. ಚಪ್ಪಲಿ ಕೊಟ್ಟೆ. ಮಂಚದಿಂದ ಕಾಲಿಳಿಸಿ ಮೆಟ್ಟಿಕೊಂಡಳು.

ಕೇಳಬಾರದೆಂದುಕೊಂಡೇ ಕೇಳಿದೆ. "ಆಗ ನಿಂಗೇನಾದ್ರೂ ಗೊತ್ತಾಗ್ತಿತ್ತಾ?"

"ಎಲ್ಲಾ ಕೇಳಿಸ್ತಿತ್ತು ಮೇಡಂ. ಮಕ್ಕಳು, ಪಂಪು. ನೀವು ಪ್ರಶ್ನೆ ಕೇಳಿದ್ದೂ ಕೇಳಿಸ್ತು."

ಮೊದಲು ಅವಳ ಹತ್ತಿರ ಬರದೆ ಮಕ್ಕಳನ್ನು ಕೇಳಿದ್ದಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳೇ ಮುಂದುವರಿಸಿದಳು.

"ನಂಗೂ ಉತ್ತರ ಗೊತ್ತಿತ್ತಲ್ಲ. ಕೈ ಎತ್ತೋಕೆ ನೋಡ್ದೆ ಮೇಡಂ. ಏಳ್ಲೇ ಇಲ್ಲ."

ಹಾಗೆಂದು ಸ್ವಲ್ಪ ನಕ್ಕಳು.

ನರ್ಸಿಂಗ್ ಹೋಮಿನ ಮೆಟ್ಟಿಲಿಗೆ ಕಬ್ಬಿಣದ ಹಿಡಿಕಂಬಿ ಇತ್ತು, ಬೆಳ್ಳಿಬಣ್ಣ ಬಳಿದದ್ದು. ಇಳಿಯುವಾಗ ಅವಳು ಅದರಿಂದ ದೂರ ಸರಿದು ನಡುವೆ ನಡೆದಳು, ನಾನೂ ಅವಳ ಪಕ್ಕಕ್ಕೆ ಸರಿದೆ. ಹತ್ತಿ ಬರುತ್ತಿದ್ದವರು ನಮಗೆ ದಾರಿ ಬಿಡಲು ಗೋಡೆಗೆ ಒತ್ತಿ ನಿಲ್ಲಬೇಕಾಯಿತು. "ಸೈಡಲ್ಲಿ ಹೋಗ್ರೀ, ಕಂಬಿ ಇಲ್ವಾ ಹಿಡ್ಕೊಳ್ಳೋಕೆ?" ಎಂದು ಒಬ್ಬರು ಗೊಣಗಿದರು. ಇಬ್ಬರೂ ಕೈಗಳನ್ನು ಮೈಗೆ ಹತ್ತಿರ ಹಿಡಿದುಕೊಂಡು, ರಸ್ತೆಯವರೆಗೆ ಹಾಗೆಯೇ ಇಳಿದೆವು.